ಖಾಲಿ ಆ್ಯಪ್, ಒಂದು ಚಾಕ್‌ಪೀಸ್

ಸೆಪ್ಟೆಂಬರ್ 9, ಮಂಗಳವಾರ

ಇಲ್ಲ, ನಾನು ಕಣ್ಣು ಮುಚ್ಚಿಕೊಂಡು ಬರೆಯಲಿಲ್ಲ. ಎರಡೂ ಕಣ್ಣು ಬಿಟ್ಟುಕೊಂಡೇ ಬರೆದೆ. ಫೋನಿನಲ್ಲಿ ದಪ್ಪ ಅಕ್ಷರದಲ್ಲಿ ಇತ್ತು: ‘ಸೇತುವೆಯಲ್ಲಿ ಬಿರುಕು, ವಾಹನ ಸಂಚಾರ ಬಂದ್’. ಫೋಟೋ ಇತ್ತು. ಹೊಟ್ಟೆ ಮುಂದೆ ಬಿಟ್ಟುಕೊಂಡು ಒಬ್ಬ ಪೊಲೀಸ್ ಅಡ್ಡ ನಿಂತಿದ್ದ. ಇನ್ನೇನು ಬೇಕಿತ್ತು? ನಾನೇ ಹೋಗಿ ಬಿರುಕಿಗೆ ಬೆರಳು ತೂರಿಸಿ ನೋಡಿಕೊಂಡು ಬರಬೇಕಿತ್ತೇ?

ಇದನ್ನೇ ದೊಡ್ಡಪ್ಪನ ಮುಂದೆ ಹೇಳಿದೆ. ಸ್ವಲ್ಪ ಜೋರಾಗಿ ಹೇಳಿದೆ.

“ಕಿರುಚಬೇಡ. ಅದು ಹೋದ ವರ್ಷದ ಸುದ್ದಿ ಕಣೋ!”

“ನನಗೆ ಇವತ್ತು ಬೆಳಿಗ್ಗೆ ಬಂತು!”

“ಬರುತ್ತೆ. ನಾಳೆ ನಮ್ಮಜ್ಜನ ಮದುವೆ ಸುದ್ದೀನೂ ಬರುತ್ತೆ. ಹೋಗಿ ಊಟ ಮಾಡ್ಕೊಂಡು ಬರ್ತೀಯಾ?”

ಡ್ರೈವರುಗಳೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಹಾರ್ನ್. ಸುಮ್ಮನೆ ನಿಂತ ಲಾರಿಗೂ ಹಾರ್ನ್ ಹೊಡೆಯುವವನು ಅವನು, ಅದಕ್ಕೇ ಆ ಹೆಸರು. “ಎಷ್ಟನೇ ಸೀಟಿ ಇದು ಕುಕ್ಕರ್?” ಅಂದ. ಕುಕ್ಕರ್ ಅಂದರೆ ನಾನು. ಮುಖ ಕೆಂಪಾದರೆ ಸಾಕು, ಸೀಟಿ ಎಣಿಸುತ್ತಾರೆ ನಾಯಿಗಳು.

ನಮ್ಮದು ಐಸ್ ಫ್ಯಾಕ್ಟರಿ. ದೊಡ್ಡಪ್ಪನದು, ನಮ್ಮದು ಅಂದೆ, ಅಷ್ಟೇ. ವ್ಯಾನುಗಳು ಐಸ್ ತುಂಬಿಕೊಂಡು ದೋಣಿಕಟ್ಟೆಗೆ ಹೋಗುತ್ತವೆ. ಹೊರಡುವ ಮೊದಲು ಗೇಟಿನ ಕಪ್ಪು ಹಲಗೆ ನೋಡುತ್ತಾರೆ. ಯಾವ ರಸ್ತೆ ಅಗೆದಿದ್ದಾರೆ, ಎಲ್ಲಿ ನೀರು ನಿಂತಿದೆ, ಸೇತುವೆ ಹೇಗಿದೆ, ಎಲ್ಲ ಅದರಲ್ಲಿ ಚಾಕ್‌ಪೀಸಿನಲ್ಲಿ ಬರೆದಿರುತ್ತದೆ. ಡ್ರೈವರುಗಳು ಫೋನ್ ನೋಡುವುದಿಲ್ಲ, ದಾರಿಯಲ್ಲಿ ಯಾರನ್ನೂ ಕೇಳುವುದಿಲ್ಲ. ಹಲಗೆ ಹೇಳಿತು, ಹೊರಟರು. ಆ ಹಲಗೆ ಬರೆಯುವ ಕೆಲಸ ನನ್ನದು. ನನಗೆ ಬರುವ ಕೆಲಸ ಅದೊಂದೇ, ಅದನ್ನು ಚೆನ್ನಾಗಿ ಮಾಡುತ್ತಿದ್ದೆ.

ಇವತ್ತು ವ್ಯಾನುಗಳೆಲ್ಲ ಹಿನ್ನೀರಿನ ಸುತ್ತುದಾರಿ ಹಿಡಿದವು. ಐಸ್ ಹೋಗಿ ತಲುಪುವಷ್ಟರಲ್ಲಿ ಅರ್ಧ ನೀರು. ದೋಣಿಯವರು ಆಚೆ ಗಲ್ಲಿ ಫ್ಯಾಕ್ಟರಿಯಿಂದ ತೆಗೆದುಕೊಂಡರಂತೆ.

ದೊಡ್ಡಪ್ಪ ನನ್ನ ಕೈಯಿಂದ ಚಾಕ್‌ಪೀಸ್ ಕಿತ್ತು ತಮ್ಮ ಜೇಬಿಗೆ ಹಾಕಿಕೊಂಡರು. “ಅಕ್ಟೋಬರ್ ಒಂದಕ್ಕೆ ದೊಡ್ಡ ದೋಣಿಗಳು ಕಡಲಿಗಿಳೀತವೆ. ಅಲ್ಲೀವರೆಗೆ ನೀನು ಕ್ರಷರ್ ಹತ್ರ ಇರು. ಆಮೇಲೂ ನಿನ್ನ ಬುದ್ಧಿ ಹೀಗೇ ಇದ್ರೆ, ಹಲಗೆ ಕಿತ್ತು ಒಲೆಗೆ ಹಾಕ್ತೀನಿ. ನೀನು ಕ್ರಷರ್‌ಗೇ ಖಾಯಂ.”

ನಾನು ಆಫೀಸಿನ ಗಾಜಿನ ಬಾಗಿಲು ಧಡಾರ್ ಅಂತ ಹಾಕಿಕೊಂಡು ಬಂದೆ. ಗಾಜು ಸೀಳಿತು. ಸೀಳಲಿ.

ಸೆಪ್ಟೆಂಬರ್ 10, ಬುಧವಾರ

ಕ್ರಷರ್ ಅಂದರೆ ಐಸ್ ಗಡ್ಡೆ ನುಂಗಿ ಪುಡಿ ಉಗುಳುವ ಯಂತ್ರ. ಅದರ ಸದ್ದಿನಲ್ಲಿ ನಾನು ಎಷ್ಟು ಬೈದರೂ ಯಾರಿಗೂ ಕೇಳಿಸುವುದಿಲ್ಲ. ಅದೊಂದು ಸುಖ.

ಇನ್ನೊಂದು ಸುಖ ಪಕ್ಕದಲ್ಲೇ ಐಸ್ ಕೂಡಿಡುವ ಕೋಲ್ಡ್ ರೂಮಿನ ಬಾಗಿಲು. ಬೀರುವಿನಷ್ಟು ದಪ್ಪ. ಮೆಲ್ಲಗೆ ಹಾಕಿದರೆ ಕೂರುವುದಿಲ್ಲ, ಚಳಿ ಸೋರುತ್ತದೆ. ಧಡಾರ್ ಅಂತ ಬಡಿಯಲೇಬೇಕು, ಅದು ರೂಲು. ಇಡೀ ಫ್ಯಾಕ್ಟರಿಯಲ್ಲಿ ನನಗೆಂದೇ ಮಾಡಿಸಿದ ಬಾಗಿಲು.

ಮಧ್ಯಾಹ್ನ ತಾತ ಬಂದರು. ಡ್ರೈವರುಗಳಲ್ಲಿ ಎಲ್ಲರಿಗಿಂತ ಹಳಬರು, ಎಲ್ಲರಿಗೂ ತಾತ. ಅವರು ಒಂದು ಮಾತು ಹೇಳಿದರು. ನಿನ್ನೆ ಅವರು ಸೇತುವೆಯ ಬುಡದವರೆಗೂ ಹೋಗಿದ್ದರಂತೆ. ಬಸ್ಸುಗಳು ಆರಾಮಾಗಿ ದಾಟುತ್ತಿದ್ದವಂತೆ.

“ಮತ್ತೆ ಯಾಕೆ ತಿರುಗಿಸಿದ್ರಿ?” ಅಂದೆ.

“ಹಲಗೇಲಿ ಬಂದ್ ಅಂತ ಇತ್ತಲ್ಲಪ್ಪ.”

“ಕಣ್ಣೆದುರಿಗೇ ಬಸ್ ಹೋಗ್ತಿತ್ತಲ್ಲ ತಾತ!”

“ಬಸ್ಸು ಅದರ ಪಾಡಿಗೆ ಅದು ಹೋಗುತ್ತೆ. ನಮಗೆ ನಮ್ಮ ಹಲಗೆ. ಇವತ್ತು ಅದನ್ನ ಮೀರಿದ್ರೆ, ನಾಳೆ ನಿಜವಾಗ್ಲೂ ಬಂದ್ ಆದಾಗ ಯಾರು ನಂಬ್ತಾರೆ?”

ಮುದುಕನಿಗೆ ತಲೆ ಕೆಟ್ಟಿದೆ. ನನ್ನ ಒಂದು ಸಾಲು ನಂಬಿ ತನ್ನ ಕಣ್ಣನ್ನೇ ನಂಬಲಿಲ್ಲ.

ಗ್ಲೌಸ್ ತೂತು. ಬೆರಳು ಮರಗಟ್ಟಿದೆ. ಸಾಕು.

ಸೆಪ್ಟೆಂಬರ್ 12, ಶುಕ್ರವಾರ

ಅಕ್ಕ ಕೋಲ್ಡ್ ರೂಮಿಗೆ ಬಂದಳು. ದೊಡ್ಡಪ್ಪನ ಮಗಳು, ಆಫೀಸಿನ ಲೆಕ್ಕ ನೋಡುವವಳು. ಸೀಳಿದ ಗಾಜಿಗೆ ಟೇಪ್ ಹಚ್ಚಿ ಬಂದಿದ್ದಳು, ಅದರ ಸುರುಳಿ ಬಳೆಯ ಹಾಗೆ ಇನ್ನೂ ಕೈಯಲ್ಲೇ ಇತ್ತು.

“ಫೋನ್ ಕೊಡು,” ಅಂದಳು. ಕೊಟ್ಟೆ. ನಾನು ಬೆಳಿಗ್ಗೆ ಸುದ್ದಿ ನೋಡುವ ಜಾಗ ತೋರಿಸಿದೆ. ಬೆರಳಲ್ಲಿ ಮೇಲೆ ಕೆಳಗೆ ಮಾಡಿದಳು. ಸಿನಿಮಾ ಜಗಳ, ಹಾವು ನುಂಗಿದ ಹಾವು, ಮೂರು ಕಾಲಿನ ಕೋಳಿ, ಸೇತುವೆ ಬಿರುಕು.

“ಇದನ್ನ ಯಾರು ಆರಿಸಿದ್ದು?”

“ನನಗೇನು ಗೊತ್ತು? ಬರುತ್ತೆ.”

“ನೀನು ಯಾವುದನ್ನ ಬಾಯಿ ಬಿಟ್ಕೊಂಡು ನೋಡ್ತೀಯೋ ಅದು ಬರುತ್ತೆ. ಹಳೇದೋ ಹೊಸದೋ ಅದಕ್ಕೇನು? ನೀನು ನೋಡಿದ್ರೆ ಸಾಕು.”

ಆಮೇಲೆ ಹೇಳಿದಳು. ಫೀಡ್ ರೀಡರ್ ಅಂತ ಒಂದು ಥರದ ಆ್ಯಪ್ ಇರುತ್ತದಂತೆ. ಪತ್ರಿಕೆಗಳು, ಆಫೀಸುಗಳು, ಎಲ್ಲ ತಮ್ಮ ತಮ್ಮ ವೆಬ್‌ಸೈಟಿನಲ್ಲಿ ಹೊಸದಾಗಿ ಏನು ಹಾಕಿದರೂ ಅದನ್ನು ಸಾಲಾಗಿ ಹೊರಗೂ ಬಿಡುತ್ತಾರೆ, ಅದೇ ಫೀಡ್. ಯಾರ್ಯಾರದು ಬೇಕು ಅಂತ ನಾವು ಹೇಳಬೇಕು. ಆ್ಯಪ್ ಎಲ್ಲವನ್ನೂ ತಂದು ಹೊತ್ತಿನ ಪ್ರಕಾರ ಜೋಡಿಸುತ್ತದೆ. “ಯಾರು ಹೇಳಿದ್ದು, ಯಾವಾಗ ಹೇಳಿದ್ದು. ಅಷ್ಟೇ. ಮಧ್ಯದಲ್ಲಿ ಯಾರೂ ಉಪ್ಪು ಖಾರ ಹಾಕಲ್ಲ.”

“ದುಡ್ಡು?”

“ಬಿಟ್ಟಿ ಸಿಗೋದೂ ಇವೆ. ಹುಡುಕು.”

“ನೀನೇ ಒಂದು ಹಾಕಿಕೊಡೇ.”

“ಯಾಕೆ? ತಪ್ಪಾದಾಗ ‘ಅಕ್ಕ ಹಾಕಿಕೊಟ್ಟಿದ್ದು, ನಾನಲ್ಲ’ ಅನ್ನೋಕಾ?”

ಟೇಪ್ ಸುರುಳಿ ಕಿತ್ತುಕೊಂಡು ಐಸಿನ ರಾಶಿಗೆ ಎಸೆದೆ. ಅವಳು ನಗುತ್ತಾ ಹೋದಳು. ನನ್ನ ಸಿಟ್ಟಿಗೆ ಈ ಫ್ಯಾಕ್ಟರಿಯಲ್ಲಿ ಮೂರು ಕಾಸಿನ ಬೆಲೆ ಇಲ್ಲ.

ಸೆಪ್ಟೆಂಬರ್ 13, ಶನಿವಾರ

ಮೊದಲನೇ ಆ್ಯಪ್. ಎಲ್ಲರಿಗಿಂತ ಮೇಲೆ ಕಂಡದ್ದು, ಐದು ಚುಕ್ಕಿ. ಚೆಂದ ಅಂದರೆ ಚೆಂದ. ಬೆರಳು ಸವರಿದರೆ ಪುಸ್ತಕದ ಹಾಗೆ ಪುಟ ಮಗುಚುತ್ತದೆ. ತೆರೆದ ಕೂಡಲೇ ಮುಂದೆ ಏನಿತ್ತು? ‘ನಿಮಗಾಗಿ’. ಅದರ ಕೆಳಗೆ ಮೂರು ಕಾಲಿನ ಕೋಳಿ.

ಅದೇ ಕೋಳಿ!

ಕಿತ್ತು ಹಾಕಿದೆ.

ಸೆಪ್ಟೆಂಬರ್ 14, ಭಾನುವಾರ

ಎರಡನೇದು. ಇಮೇಲ್ ಕೇಳಿತು, ಕೊಟ್ಟೆ. ಪಾಸ್‌ವರ್ಡ್ ಕೇಳಿತು, ಕೊಟ್ಟೆ. ‘ಸಾಕಷ್ಟು ಗಟ್ಟಿ ಇಲ್ಲ’ ಅಂತು. ನನ್ನ ಪಾಸ್‌ವರ್ಡ್ ಗಟ್ಟಿ ಇಲ್ಲವಂತೆ, ಅದಕ್ಕೂ ನನ್ನ ಮೇಲೆ ಕೊಂಕು. ದೊಡ್ಡಪ್ಪನ ಮೇಲಿನ ಒಂದು ಬೈಗುಳ, ಮುಂದೆ ಮೂರು ಅಂಕಿ ಹಾಕಿದೆ. ‘ತುಂಬಾ ಗಟ್ಟಿ’ ಅಂತು.

ಪತ್ರಿಕೆಗಳನ್ನು ಸೇರಿಸಿದೆ. ಹವಾಮಾನದವರನ್ನು ಸೇರಿಸಿದೆ. ಇನ್ನೂ ನಾಲ್ಕಾರು ಸೇರಿಸುವಷ್ಟರಲ್ಲಿ ನಿಲ್ಲಿಸಿತು: ‘ಬಿಟ್ಟಿ ಇಷ್ಟೇ. ಇನ್ನೂ ಬೇಕೆಂದರೆ ತಿಂಗಳಿಗೆ ಇಷ್ಟು ಕೊಡಿ.’ ಬಾಗಿಲಲ್ಲಿ ಕರೆದು, ಎಲೆ ಹಾಕಿ ಕೂರಿಸಿ, ಅನ್ನ ಬಡಿಸುವಾಗ ಚೀಟಿ ಕೇಳಿದ ಹಾಗೆ. ಮೊದಲೇ ಹೇಳಿದ್ದರೆ ಬೈಯುತ್ತಿರಲಿಲ್ಲ.

ಸೆಪ್ಟೆಂಬರ್ 16, ಮಂಗಳವಾರ

ಮೂರನೇದು ಜಾಹೀರಾತಿನ ಸಂತೆ. ಎರಡು ಸುದ್ದಿ, ಒಂದು ಸಾಲದ ಜಾಹೀರಾತು. ಎರಡು ಸುದ್ದಿ, ಒಂದು ಕೂದಲಿನ ಎಣ್ಣೆ. ಕ್ರಷರ್ ಪಕ್ಕ ನಿಂತು ಒದ್ದೆ ಬೆರಳಲ್ಲಿ ಮುಟ್ಟಿದರೆ ಸುದ್ದಿ ತೆರೆಯುವುದಿಲ್ಲ, ಎಣ್ಣೆಯೇ ತೆರೆಯುತ್ತದೆ. ಹಾರ್ನ್ ಹಿಂದಿನಿಂದ ಬಗ್ಗಿ ನೋಡಿದ.

“ಏನೋ ಕುಕ್ಕರ್, ಕೂದಲು ಉದುರ್ತಾ ಇದೆಯಾ? ಆವಿಗೆ ಹಾಗಾಗುತ್ತೆ.”

ಒಂದು ಬಕೆಟ್ ಐಸ್ ಪುಡಿ ಅವನ ಬೆನ್ನಿಗೆ ಸುರಿದೆ. ಆ ಆ್ಯಪಿನಿಂದ ಆದ ಒಂದೇ ಉಪಯೋಗ.

ಇನ್ನೊಂದು ವಿಷಯ ತಿಳಿಯಿತು. ಕೋಲ್ಡ್ ರೂಮಿನೊಳಗೆ ನೆಟ್‌ವರ್ಕ್ ಸತ್ತುಹೋಗುತ್ತದೆ. ಬೇಕಾದದ್ದು ಏನು ಅಂತ ಈಗ ಗೊತ್ತಾಗುತ್ತಿದೆ. ನೆಟ್ ಇಲ್ಲದಿದ್ದರೂ ಮೊದಲೇ ತಂದಿಟ್ಟುಕೊಂಡದ್ದು ತೆರೆಯಬೇಕು. ತಾರೀಕು ದಪ್ಪಗೆ ಕಾಣಬೇಕು. ಒದ್ದೆ ಬೆರಳಿಗೆ ಸಿಗುವಷ್ಟು ದೊಡ್ಡ ಗುಂಡಿ ಬೇಕು. ಕೋಳಿ ಇರಬಾರದು.

ಸೆಪ್ಟೆಂಬರ್ 17, ಬುಧವಾರ

ನಾಲ್ಕನೇದು. ಯಾರೋ ಪುಣ್ಯಾತ್ಮರು ತಾವೇ ಕೂತು ಮಾಡಿ, ಯಾರು ಬೇಕಾದರೂ ಬಳಸಿ, ಒಳಗೆ ಹೇಗಿದೆ ಅಂತಲೂ ನೋಡಿಕೊಳ್ಳಿ ಅಂತ ಬಿಟ್ಟಿದ್ದಾರೆ. ಇಮೇಲ್ ಕೇಳಲಿಲ್ಲ. ದುಡ್ಡು ಕೇಳಲಿಲ್ಲ. ನೋಡಲು ತಗಡಿನ ಡಬ್ಬಿಯ ಹಾಗಿದೆ. ತೆರೆದೆ.

ಖಾಲಿ.

ಏನೂ ಇಲ್ಲ. ಬಿಳಿ ಹಾಳೆ, ಒಂದು ಮೂಲೆಯಲ್ಲಿ ಒಂದು ಕೂಡಿಸುವ ಗುರುತು. ಅಲುಗಾಡಿಸಿದೆ. ಮುಚ್ಚಿ ತೆರೆದೆ. ಖಾಲಿ. ಅಕ್ಕನ ಹತ್ತಿರ ಹೋಗಿ ಅವಳ ಮೇಜಿನ ಮೇಲೆ ಫೋನ್ ಕುಕ್ಕಿದೆ.

“ಒಳಗೆ ಏನೂ ಇಲ್ಲ ಇದರಲ್ಲಿ! ಸುದ್ದಿ ಆ್ಯಪ್ ಅಂತೆ!”

“ನೀನು ಏನೂ ಹಾಕಿಲ್ಲವಲ್ಲ.”

“ನಾನ್ಯಾಕೆ ಹಾಕ್ಲಿ? ಅದರ ಕೆಲಸ ಅದು!”

“ಅಲ್ಲ. ಯಾರ ಮಾತು ಕೇಳ್ಬೇಕು ಅನ್ನೋದು ನಿನ್ನ ಕೆಲಸ.”

ಅವಳ ಎದುರಿಗೇ ಕಿತ್ತು ಹಾಕಿದೆ. ನಾನು ಶಾಲೆ ಬಿಟ್ಟದ್ದೇ ಇದಕ್ಕೆ. ಪ್ರಶ್ನೆ ಕೇಳಿದರೆ ಪ್ರಶ್ನೆಯನ್ನೇ ವಾಪಸ್ ಕೊಡುವವರ ಕಾಟಕ್ಕೆ.

ಸೆಪ್ಟೆಂಬರ್ 18, ಗುರುವಾರ

ಮತ್ತೆ ಹಾಕಿಕೊಂಡೆ. ಅಕ್ಕನಿಗೆ ಹೇಳಿಲ್ಲ.

ಸೆಪ್ಟೆಂಬರ್ 20, ಶನಿವಾರ

ಈಗ ಅದರಲ್ಲಿ ಎರಡು ಪತ್ರಿಕೆ ಇವೆ. ಒಂದು ದೊಡ್ಡಪ್ಪ ಓದುವುದು, ಇನ್ನೊಂದು ದೊಡ್ಡಪ್ಪ ಕಂಡರೆ ಉಗಿಯುವುದು. ಇಬ್ಬರೂ ಒಂದೇ ಮಾತು ಹೇಳಿದರೆ ಅದು ನಿಜ ಇರಬೇಕು ಅಂತ ನನ್ನ ಲೆಕ್ಕ. ಹವಾಮಾನದವರು ಇದ್ದಾರೆ. ಹಳೆಯ ಸೇತುವೆ ಸುದ್ದಿಯನ್ನು, ಆ ಹೊಟ್ಟೆ ಪೊಲೀಸನನ್ನು, ಹುಡುಕಿ ತೆಗೆದು ಒಂದು ನಕ್ಷತ್ರ ಒತ್ತಿ ಇಟ್ಟುಕೊಂಡೆ. ನಕ್ಷತ್ರ ಒತ್ತಿದ್ದು ಅಳಿಸಿ ಹೋಗುವುದಿಲ್ಲ. ತಾರೀಕು ಇದೆ. ಆವತ್ತೂ ಇತ್ತು, ಇರುವೆ ಸೈಜಿನ ಅಕ್ಷರದಲ್ಲಿ. ಈ ಆ್ಯಪಿನಲ್ಲಿ ಹೆಬ್ಬೆರಳಿನಷ್ಟಿದೆ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ, ಆದರೂ ದಿನಾ ನೋಡುತ್ತೇನೆ.

ಸೇತುವೆ ನೋಡಿಕೊಳ್ಳುವವರ ಫೀಡ್ ಮಾತ್ರ ಸಿಗಲಿಲ್ಲ. ಊಟದ ಬಿಡುವಿನಲ್ಲಿ ತಾತನ ವ್ಯಾನ್ ಹತ್ತಿ ಅಲ್ಲಿಗೇ ಹೋದೆ. ಸೇತುವೆಯ ಈ ತುದಿಯಲ್ಲಿ ಒಂದು ಕೋಣೆ, ಅದೇ ಅವರ ಆಫೀಸು. ಒಳಗೆ ಒಬ್ಬ ಮೇಡಂ, ಕನ್ನಡಕ ಹಣೆಯ ಮೇಲೆ, ಟಿಫಿನ್ ಡಬ್ಬಿ ಕಂಪ್ಯೂಟರಿನ ಮೇಲೆ.

“ಸೇತುವೆ ಬಂದ್ ಆದ್ರೆ ಜನರಿಗೆ ಹೇಳೋಕೆ ನಿಮಗೇನು ರೋಗ?” ಅಂದೆ.

“ಕೂತ್ಕೊ ತಮ್ಮ,” ಅಂದರು. “ಹೇಳ್ತೀನಲ್ಲ. ದಿನಾ ಬೆಳಿಗ್ಗೆ ಬಂದ ತಕ್ಷಣ ಹಾಕ್ತೀನಿ.”

“ಎಲ್ಲಿ?”

ಕಂಪ್ಯೂಟರ್ ನನ್ನ ಕಡೆ ತಿರುಗಿಸಿದರು. ಅವರ ವೆಬ್‌ಸೈಟು, ಮದುವೆ ಮನೆಯ ಚಪ್ಪರದ ಬಣ್ಣ. ಕೆಳಗೆ ಕೆಳಗೆ ಕೆಳಗೆ ಹೋದರೆ, ಕೊನೆಯಲ್ಲಿ ಕಿತ್ತಳೆ ಬಣ್ಣದ ಒಂದು ಚಿಕ್ಕ ಗುರುತು. ಅದೇ ಫೀಡ್. ನನ್ನ ಆ್ಯಪಿಗೆ ಸೇರಿಸಿದೆ, ಪ್ರತಿ ದಿನದ್ದೂ ಸಾಲಾಗಿ ಬಂತು: ಇವತ್ತು ಗಾಳಿ ಜೋರು, ಬೈಕಿನವರು ಜೋಪಾನ. ಇವತ್ತು ದೀಪದ ಕಂಬ ರಿಪೇರಿ. ಇವತ್ತು ಏನೂ ಇಲ್ಲ, ಸೇತುವೆ ತೆರೆದಿದೆ. ಏನೂ ಇಲ್ಲ ಅಂತಲೂ ಬರೆದಿದ್ದಾರೆ ಮಹಾತಾಯಿ.

“ಇದನ್ನ ಯಾರು ಓದ್ತಾರೆ?” ಅಂದೆ.

“ಗೊತ್ತಿಲ್ಲಪ್ಪ. ಇಲ್ಲೀವರೆಗೆ ಯಾರೂ ಓದಿದೆ ಅಂತ ಹೇಳಿಲ್ಲ. ಬರೀಬೇಕು ಅಂತ ಇದೆ, ಬರೀತೀನಿ.” ಆಮೇಲೆ ಕನ್ನಡಕ ಕೆಳಗಿಳಿಸಿ, “ನೀನು ಓದ್ತೀಯಾ?” ಅಂತ ಕೇಳಿದರು.

ಓದುತ್ತೀಯಾ ಅಂತ ನನ್ನನ್ನು ಕೇಳಿದ ಮೇಷ್ಟ್ರುಗಳಿಗೆಲ್ಲ ಏನೇನು ಉತ್ತರ ಕೊಟ್ಟಿದ್ದೇನೋ ನನಗೇ ಗೊತ್ತು. ಇವರಿಗೆ ಹೂಂ ಅಂದೆ. ಯಾಕೆ ಅಂದೆನೋ.

ಸೆಪ್ಟೆಂಬರ್ 22, ಸೋಮವಾರ

ಚಾಕ್‌ಪೀಸ್ ಇಲ್ಲದಿದ್ದರೆ ಬೇಡ. ಕೋಲ್ಡ್ ರೂಮಿನ ಬಾಗಿಲಿನ ಒಳಮೈಗೆ ಹಿಮ ಕಟ್ಟಿರುತ್ತದೆ, ಸುಣ್ಣ ಬಳಿದ ಹಾಗೆ. ಲೋಡ್ ಮಾಡುವಾಗ ಬಾಗಿಲು ತೆರೆದಿಟ್ಟರೆ ಆ ಮೈ ಅಂಗಳಕ್ಕೆ ಕಾಣುತ್ತದೆ. ಬೆಳಿಗ್ಗೆ ಆ್ಯಪ್ ನೋಡಿ ಬೆರಳಲ್ಲಿ ಬರೆದೆ: ‘ಸೇತುವೆ ತೆರೆದಿದೆ. ಸಂಜೆ ಮಳೆ.’ ಯಾರಿಗೂ ಓದು ಅಂತ ಹೇಳಲಿಲ್ಲ.

ಮಳೆ ಬಂತು.

ಸೆಪ್ಟೆಂಬರ್ 24, ಬುಧವಾರ

ಹಾಳಾಯಿತು. ‘ದೋಣಿಕಟ್ಟೆ ರಸ್ತೆ ಸಲೀಸು’ ಅಂತ ಹಿಮದ ಮೇಲೆ ಬರೆದಿದ್ದೆ. ಅಲ್ಲಿ ಬೆಳಿಗ್ಗೆಯೇ ನೀರಿನ ಪೈಪಿಗೆ ಅಗೆದಿದ್ದರು. ಹಾರ್ನ್ ಸಿಕ್ಕಿಕೊಂಡು ಹಿಂದೆ ಬಂದ.

“ಹಿಮ ಹೇಳಿದ್ದು ಕರಗಿಹೋಯ್ತಲ್ಲೋ ಕುಕ್ಕರ್!”

ಬಕೆಟ್ಟಿಗೆ ಕಾಲಲ್ಲಿ ಒಂದು ಒದೆ ಕೊಟ್ಟೆ. ಆ್ಯಪನ್ನೂ ಕಿತ್ತೊಗೆಯಬೇಕು ಅಂದುಕೊಂಡೆ. ಆಮೇಲೆ ನೋಡಿದರೆ ಪತ್ರಿಕೆಯವರು ಮುಂಜಾನೆಯೇ ಹಾಕಿದ್ದರು. ನನ್ನ ಆ್ಯಪಿಗೆ ಬಂದಿರಲಿಲ್ಲ. ಹಿಂದಿನ ಸಂಜೆಯದೇ ಇತ್ತು. ಬ್ಯಾಟರಿ ಉಳಿಸುವ ನೆಪದಲ್ಲಿ ಫೋನು ಅದನ್ನು ಮಲಗಿಸಿಬಿಟ್ಟಿದೆ. ಸೆಟ್ಟಿಂಗಿನಲ್ಲಿ ಹುಡುಕಿ ಹುಡುಕಿ, ಇವನನ್ನು ಮಲಗಿಸಬೇಡ ಅನ್ನುವ ಕಡೆ ಒತ್ತಿದೆ. ಪಟ್ಟಿಯನ್ನು ಕೆಳಕ್ಕೆ ಎಳೆದರೆ ಆ ಕ್ಷಣದ್ದೆಲ್ಲ ತರುತ್ತದೆ, ಅದೂ ತಿಳಿಯಿತು. ಇನ್ನು ಬರೆಯುವ ಮೊದಲು ಎಳೆಯುವುದು, ಕೊನೆಗೆ ತಂದದ್ದು ಯಾವಾಗ ಅಂತ ನೋಡುವುದು.

ಹಾರ್ನ್‌ಗೆ ಒಂದು ಟೀ ಕುಡಿಸಿದೆ. ಸುಮ್ಮನೆ. ಬಾಯಿ ಮುಚ್ಚಿಕೊಂಡಿರಲಿ ಅಂತ.

ಸೆಪ್ಟೆಂಬರ್ 27, ಶನಿವಾರ

ವ್ಯಾನುಗಳು ಹೊರಡುವ ಮೊದಲು ಗೇಟಿನ ಹಲಗೆ ಹತ್ತಿರ ನಿಲ್ಲುತ್ತವೆ. ಈಗ ಅಲ್ಲಿ ಬರೆಯುವವರು ದೊಡ್ಡಪ್ಪ. ‘ನಿಧಾನವಾಗಿ ಹೋಗಿ’ ಅಂತ ಬರೆಯುತ್ತಾರೆ. ದಿನಾ ಅದೇ. ಇವತ್ತು ಹಾರ್ನ್ ಗೇಟಿಗೆ ಹೋಗುವ ಮೊದಲು ಬೂಟಿನಲ್ಲಿ ಕಲ್ಲು ಸೇರಿದೆ ಅಂತ ಕೋಲ್ಡ್ ರೂಮಿನ ಮುಂದೆ ಬಂದು ನಿಂತ. ಕಣ್ಣು ಬಾಗಿಲ ಮೇಲೆ. ಅವನ ಹಿಂದೆ ಇನ್ನೊಬ್ಬ ಬಂದ, ಅವನ ಬೂಟಿನಲ್ಲೂ ಕಲ್ಲು. ಇಡೀ ಫ್ಯಾಕ್ಟರಿಯ ಕಲ್ಲೆಲ್ಲ ಡ್ರೈವರುಗಳ ಬೂಟಿನಲ್ಲಿದೆ.

ತಾತ ಮಾತ್ರ ಬರಲಿಲ್ಲ. ಅವರಿಗೆ ಹಲಗೆ ಅಂದರೆ ಹಲಗೆ.

ಮನೆಗೆ ಹೋದರೆ ಅಮ್ಮ, ಪಕ್ಕದ ಮನೆ ಹುಡುಗಿ ಕೆಲಸ ಬಿಟ್ಟಳಂತೆ ಅಂದಳು.

“ಯಾರು ಹೇಳಿದ್ದು? ಯಾವಾಗ?” ಅಂದೆ.

“ಅಯ್ಯೋ, ಯಾರೋ ಹೇಳಿದ್ರು ಕಣೋ. ನಿನ್ನ ಹತ್ರ ಒಂದು ಮಾತಾಡೋ ಹಾಗಿಲ್ಲ ಇತ್ತೀಚೆಗೆ. ಪೊಲೀಸ್ ಥರ ಕೇಳ್ತೀಯ.”

ಕೇಳಿದ್ದರಲ್ಲಿ ಏನು ತಪ್ಪು? ಆ ಹುಡುಗಿ ರಜೆ ಹಾಕಿದ್ದಾಳೆ ಅಷ್ಟೇ. ನಾನೇ ಹೋಗಿ ಕೇಳಿ ಬಂದೆ.

ಸೆಪ್ಟೆಂಬರ್ 30, ಮಂಗಳವಾರ

ನಾಳೆ ದೊಡ್ಡ ದೋಣಿಗಳು. ಕೋಲ್ಡ್ ರೂಮಿನಲ್ಲಿ ನಿಲ್ಲಲು ಜಾಗವಿಲ್ಲ, ಛಾವಣಿವರೆಗೆ ಐಸ್. ಯಾವ ಫ್ಯಾಕ್ಟರಿಯ ವ್ಯಾನು ಮೊದಲು ಮುಟ್ಟುತ್ತದೋ ದೋಣಿಯವರು ಆ ಸೀಸನ್ನೆಲ್ಲ ಅವರ ಹತ್ತಿರವೇ ತೆಗೆದುಕೊಳ್ಳುತ್ತಾರೆ. ದೊಡ್ಡಪ್ಪ ಅಂಗಳದಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದಾರೆ.

“ನಾಳೆ ಹಲಗೆ ನಾನು ಬರೀಲಾ?” ಅಂತ ಕೇಳಿದೆ. ಕೇಳಿದೆ, ಕಿರುಚಲಿಲ್ಲ. ಕ್ರಷರ್ ನಿಂತಿತ್ತು, ಕಿರುಚುವ ಅಗತ್ಯವಿರಲಿಲ್ಲ.

“ನಾಳೆ ಆಟ ಅಲ್ಲ,” ಅಂದರು. ಜೇಬು ತಟ್ಟಿಕೊಂಡರು.

ಅಕ್ಕ ನನ್ನ ಮುಖ ನೋಡಿದಳು. ಗಾಜಿನ ಬಾಗಿಲ ಟೇಪನ್ನೂ ನೋಡಿದಳು. ನಾನು ಅದನ್ನು ಮುಟ್ಟಲಿಲ್ಲ. ಕೋಲ್ಡ್ ರೂಮಿಗೆ ಬಂದು ಆ ಬಾಗಿಲನ್ನು ಎರಡು ಸಲ ಹಾಕಿದೆ.

ಅಕ್ಟೋಬರ್ 1, ಬುಧವಾರ

ಕ್ರಷರ್ ಪಕ್ಕ ಗೋಣಿಯ ಮೇಲೆ ಕೂತು ಬರೆಯುತ್ತಿದ್ದೇನೆ. ಮೊದಲಿನಿಂದ ಬರೆಯುತ್ತೇನೆ, ಒಂದೂ ಬಿಡುವುದಿಲ್ಲ.

ಬೆಳಿಗ್ಗೆ ವ್ಯಾನುಗಳೆಲ್ಲ ತುಂಬಿ ಸಾಲಾಗಿ ನಿಂತಿದ್ದವು. ಇನ್ನೇನು ಹೊರಡಬೇಕು, ಹಾರ್ನ್‌ನ ಫೋನು ಕುಂಯ್ ಅಂತು. ಆಮೇಲೆ ಇನ್ನೊಬ್ಬನದು. ಆಮೇಲೆ ದೊಡ್ಡಪ್ಪನದು. ಅಂಗಳದಲ್ಲಿದ್ದ ಫೋನುಗಳೆಲ್ಲ ಒಂದರ ಹಿಂದೆ ಒಂದು ಕುಂಯ್‌ಗುಟ್ಟಿದವು.

“ಸೇತುವೆಯಲ್ಲಿ ಬಿರುಕಂತೆ! ಬಂದ್ ಅಂತೆ!”

“ಆಚೆ ಗಲ್ಲಿಯವರ ವ್ಯಾನೆಲ್ಲ ಸುತ್ತುದಾರಿಗೆ ಹೊರಟ್ವಂತೆ!”

ದೊಡ್ಡಪ್ಪ ಜೇಬಿನಿಂದ ಚಾಕ್‌ಪೀಸ್ ತೆಗೆದು ಹಲಗೆಯ ಹತ್ತಿರ ಓಡಿದರು. ‘ಸೇ’ ಬರೆದರು. ನಾನು ಹಾರ್ನ್‌ನ ಫೋನ್ ಇಣುಕಿ ನೋಡಿದೆ. ಹೊಟ್ಟೆ ಮುಂದೆ ಬಿಟ್ಟುಕೊಂಡು ಒಬ್ಬ ಪೊಲೀಸ್ ಅಡ್ಡ ನಿಂತಿದ್ದ.

ಅದೇ ಪೊಲೀಸ್. ಅದೇ ಹೊಟ್ಟೆ.

ನನ್ನ ಆ್ಯಪ್ ತೆರೆದೆ. ಕೆಳಕ್ಕೆ ಎಳೆದೆ. ತಂದದ್ದು ಈಗ ಅಂತ ನೋಡಿದೆ. ಎರಡು ಪತ್ರಿಕೆಯಲ್ಲೂ ಬಿರುಕಿನ ಮಾತಿಲ್ಲ. ಮೇಲೆಯೇ ಇತ್ತು ಸೇತುವೆ ಮೇಡಂದು, ಆಗ ತಾನೇ ಹಾಕಿದ್ದು: ‘ಸೇತುವೆ ತೆರೆದಿದೆ. ಒಂಬತ್ತರ ನಂತರ ಕಂಬಿಗೆ ಬಣ್ಣ ಬಳಿಯುವುದರಿಂದ ಒಂದು ಬದಿ ಮಾತ್ರ ಸಂಚಾರ.’ ನೆಟ್ಟಗೆ ಎರಡು ಸಲ ಓದಿದೆ. ತಾರೀಕು ಓದಿದೆ.

ಗೇಟಿಗೆ ಹೋದೆ. “ದೊಡ್ಡಪ್ಪಾ, ಯಾರು ಹೇಳಿದ್ದು ಇದು?”

“ಎಲ್ಲರೂ ಹೇಳ್ತಿದಾರಲ್ಲೋ!”

“ಎಲ್ಲರೂ ಅಂದ್ರೆ ಯಾರು?”

“ನೀನು ಈಗ ಶುರು ಹಚ್ಕೋಬೇಡ...”

ಫೋನು ಮುಂದೆ ಹಿಡಿದೆ. ಮೊದಲು ನಕ್ಷತ್ರ ಒತ್ತಿಟ್ಟ ಹಳೆಯದು. ಅವರ ಫೋನಿನ ಪೊಲೀಸ್, ನನ್ನ ಫೋನಿನ ಪೊಲೀಸ್, ಅಣ್ಣತಮ್ಮನ ಹಾಗೆ ಪಕ್ಕಪಕ್ಕ. “ತಾರೀಕು ನೋಡಿ. ನಾನು ಬಿದ್ದ ಗುಂಡೀನೇ ಇದು, ನೀವೂ ಬೀಳ್ಬೇಡಿ.” ಆಮೇಲೆ ಮೇಡಂದು ತೋರಿಸಿದೆ. “ಇದು ಸೇತುವೆ ಆಫೀಸಿನವರೇ ಹಾಕಿದ್ದು. ಇವತ್ತಿಂದು. ಈಗಿಂದು. ಒಂಬತ್ತರೊಳಗೆ ದಾಟಿದ್ರೆ ಎರಡು ಟ್ರಿಪ್ ಹೊಡೀಬಹುದು.”

ದೊಡ್ಡಪ್ಪ ಅಕ್ಕನ ಕಡೆ ತಿರುಗಿದರು.

“ನನ್ನ ಯಾಕೆ ನೋಡ್ತೀಯಪ್ಪಾ? ಆರಿಸಿದ್ದು ಅವನು, ಅವನನ್ನ ಕೇಳು,” ಅಂದಳು.

ದೊಡ್ಡಪ್ಪನ ಹಣೆಯಲ್ಲಿ ಬೆವರು. ಐಸ್ ಫ್ಯಾಕ್ಟರಿಯ ಅಂಗಳದಲ್ಲಿ ಬೆವರು. “ತಪ್ಪಾದ್ರೆ?” ಅಂದರು.

“ತಪ್ಪಾದ್ರೆ ನನ್ನ ತಪ್ಪು,” ಅಂದೆ. “ಫೋನಿಂದಲ್ಲ.”

ಈ ಸಲ ಹಾರ್ನ್ ಸೀಟಿ ಎಣಿಸಲಿಲ್ಲ. ವ್ಯಾನಿನ ಕೆಳಗೆ ಐಸ್ ತೊಟ್ಟಿಕ್ಕುವುದು ಕೇಳುತ್ತಿತ್ತು. ದೊಡ್ಡಪ್ಪ ಚಾಕ್‌ಪೀಸ್ ನನ್ನ ಅಂಗೈಗೆ ಕುಕ್ಕಿದರು. ಬೆವರಿಗೆ ಒದ್ದೆಯಾಗಿತ್ತು.

‘ಸೇ’ ಇತ್ತಲ್ಲ, ಅದನ್ನು ಅಳಿಸಲಿಲ್ಲ. ಅಲ್ಲಿಂದಲೇ ಮುಂದುವರಿಸಿದೆ: ‘ಸೇತುವೆ ತೆರೆದಿದೆ. ಒಂಬತ್ತರ ಮೇಲೆ ಒಂದೇ ಬದಿ. ಬೇಗ ದಾಟಿ.’ ಕೆಳಗೆ ಇನ್ನೊಂದು ಸಾಲು ಬರೆದೆ, ಹಿಂದೆ ಯಾವತ್ತೂ ಬರೆದಿರಲಿಲ್ಲ: ‘ಹೇಳಿದವರು ಸೇತುವೆ ಆಫೀಸು, ಇವತ್ತು ಬೆಳಿಗ್ಗೆ.’

ಡ್ರೈವರುಗಳು ಹಲಗೆ ನೋಡಿದರು, ತಮ್ಮ ಫೋನ್ ನೋಡಿದರು, ಮತ್ತೆ ಹಲಗೆ ನೋಡಿದರು. ಯಾರೂ ಕದಲಲಿಲ್ಲ.

ಹಿಂದಿನಿಂದ ಒಂದು ಇಂಜಿನ್ ಗುರ್ ಅಂತು. ತಾತ. ಸಾಲು ತಪ್ಪಿಸಿ ಮುಂದೆ ಬಂದು, ಕಿಟಕಿಯಿಂದ ತಲೆ ಹೊರಗೆ ಹಾಕಿ ಹಲಗೆ ಓದಿದರು. ತುಟಿ ಅಲ್ಲಾಡಿಸುತ್ತಾ ಓದಿದರು, ಕೊನೆಯ ಸಾಲಿನವರೆಗೂ.

“ಏನ್ರೋ, ಅಕ್ಷರ ಬರಲ್ವಾ?” ಅಂತ ಹಿಂದಿನವರಿಗೆ ಗದರಿದರು. “ತೆರೆದಿದೆ ಅಂತ ಹಲಗೆ ಹೇಳ್ತಾ ಇದೆ. ನಡೀರಿ!”

ಹೋದರು. ಸೇತುವೆ ಕಡೆಗೇ ಹೋದರು. ಹಾರ್ನ್ ಬೀದಿ ಮುಗಿಯುವವರೆಗೂ ಹಾರ್ನ್ ಹೊಡೆದುಕೊಂಡು ಹೋದ.

ಆಮೇಲಿನ ಹೊತ್ತು ಹೇಗೆ ಕಳೆಯಿತೋ. ದೊಡ್ಡಪ್ಪ ಓಡಾಡುವುದನ್ನು ಬಿಟ್ಟು ನನ್ನ ಪಕ್ಕ ಗೋಣಿಯ ಮೇಲೆ ಬಂದು ಕೂತರು. ನಾನು ಪಟ್ಟಿಯನ್ನು ಎಳೆದೆ, ಬಿಟ್ಟೆ, ಎಳೆದೆ, ಬಿಟ್ಟೆ. ಹೊಸದೇನೂ ಇಲ್ಲ.

ಅಕ್ಕನ ಫೋನು ಬಡಿದುಕೊಂಡಿತು. ಸ್ಪೀಕರಿಗೆ ಹಾಕಿದಳು. ಮೊದಲು ಹಾರ್ನ್, ಆಮೇಲೆ ಮನುಷ್ಯ.

“ಕುಕ್ಕರ್! ಲೋ ಕುಕ್ಕರ್! ಸೇತುವೆ ಬೆಣ್ಣೆ ಥರ ಇದೆ ಕಣೋ! ಕಟ್ಟೇಲಿ ನಮ್ಮದು ಬಿಟ್ಟರೆ ಒಬ್ಬರದೂ ಇಲ್ಲ! ದೋಣಿಯವರು ನನ್ನ ಕೆನ್ನೆ ಹಿಂಡ್ತಾ ಇದಾರೆ! ಇನ್ನೂ ಕಳಿಸು, ಇರೋದೆಲ್ಲ ಕಳಿಸು!”

ನಾನು ಕೂಗಿದೆ. ಏನು ಕೂಗಿದೆನೋ ಗೊತ್ತಿಲ್ಲ. ಬಕೆಟ್ ಎತ್ತಿ ಐಸ್ ಪುಡಿಯನ್ನು ಮೇಲಕ್ಕೆ ಎರಚಿದೆ. ಅಕ್ಕನ ಮೇಲೆ ಬಿತ್ತು, ದೊಡ್ಡಪ್ಪನ ಮೇಲೆ ಬಿತ್ತು. ದೊಡ್ಡಪ್ಪ ತಲೆ ಒರೆಸಿಕೊಳ್ಳಲಿಲ್ಲ, ನಗುತ್ತಿದ್ದರು. ಅವರ ಹಲ್ಲು ನೋಡಿ ಎಷ್ಟು ದಿನವಾಗಿತ್ತು.

ಒಂಬತ್ತರೊಳಗೆ ಎರಡು ಟ್ರಿಪ್. ಆಚೆ ಗಲ್ಲಿಯವರು ಸುತ್ತುದಾರಿಯಲ್ಲಿ ಒಂದರ ಹಿಂದೆ ಒಂದು, ನೀರು ಸುರಿಸಿಕೊಂಡು ನಿಂತಿದ್ದರಂತೆ. ಅವರ ಡ್ರೈವರುಗಳ ಮೇಲೆ ನನಗೆ ಸಿಟ್ಟೇನಿಲ್ಲ. ಅವರ ಫೋನಿನಲ್ಲೂ ಪೊಲೀಸ್ ಇದ್ದ. ನಾಳೆ ಅವರ ಹುಡುಗನೊಬ್ಬನಿಗೆ ಆ್ಯಪ್ ಹೆಸರು ಹೇಳಿದರೂ ಹೇಳಬಹುದು. ಸೀಸನ್ ಮುಗಿದ ಮೇಲೆ.

ಮಧ್ಯಾಹ್ನ ದೊಡ್ಡಪ್ಪ ಕರೆದರು. ಆಫೀಸಿನಲ್ಲಿ ಅಕ್ಕನ ಮೇಜಿನ ಪಕ್ಕ ಒಂದು ಕುರ್ಚಿ ಹಾಕಿಸಿದ್ದರು.

“ಇನ್ನು ಮೇಲೆ ಹಲಗೆ ನಿನ್ನದೇ. ಇಲ್ಲಿ ಕೂತ್ಕೊ. ಒಂದು ಸಲ ಸರಿಹೋಯ್ತು ಅಂತ ಕೊಂಬು ಬರಬಾರದು.”

“ಹಿಮದ ಮೇಲೆ ದಿನಾ ಬರೆದದ್ದು ಲೆಕ್ಕಕ್ಕಿಲ್ವಾ?”

“ಅದನ್ನೂ ನೋಡಿದೀನಿ ಕಣೋ. ನನ್ನ ಬೂಟಲ್ಲೂ ಕಲ್ಲು ಸೇರಿತ್ತು.”

ಅಕ್ಕ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

ಈಗ ತಾತ ಕೊನೆಯ ಲೋಡಿಗೆ ಹೊರಟಿದ್ದಾರೆ. ಗೇಟಿನಲ್ಲಿ ಇಂಜಿನ್ ಓಡಿಸಿಕೊಂಡು ನನಗಾಗಿ ಕಾಯುತ್ತಿದ್ದಾರೆ. ನಾನೂ ಹೋಗಬೇಕು. ಸೇತುವೆಯ ತುದಿಯ ಆ ಕೋಣೆಗೆ ಹೋಗಿ ಮೇಡಂಗೆ ಹೇಳಬೇಕು, ನೀವು ಬರೆದದ್ದನ್ನು ಇವತ್ತು ಓದಿದೆವು, ಒಬ್ಬರಲ್ಲ, ವ್ಯಾನುಗಟ್ಟಲೆ ಜನ ಓದಿದೆವು ಅಂತ. ಫೋನಿನಲ್ಲಿ ಹೇಳುವ ಮಾತಲ್ಲ ಅದು. ಎದುರಿಗೆ ನಿಂತು ಹೇಳಬೇಕು, ಕನ್ನಡಕ ಹಣೆಯಿಂದ ಕೆಳಗಿಳಿಯುವುದನ್ನು ನೋಡಬೇಕು.

ಆಫೀಸಿನಿಂದ ದೊಡ್ಡಪ್ಪ ಕೂಗುತ್ತಿದ್ದಾರೆ, “ಎಲ್ಲಿಗೋ? ಕುರ್ಚಿ ಹಾಕಿಸಿದೀನಿ, ಕೂತ್ಕೊಳೋ! ಬಾಗಿಲು ಮೆಲ್ಲಗೆ ಹಾಕು!”

ಯಾವ ಬಾಗಿಲು ಅಂತ ಹೇಳಲಿಲ್ಲ. ಕೋಲ್ಡ್ ರೂಮು ತೆರೆದೇ ಇದೆ. ಬೆಳಿಗ್ಗೆ ಹಲಗೆ ಬರೆದಾದ ಮೇಲೆ ಇಲ್ಲೂ ನಾನು ಬೆರಳಲ್ಲಿ ಬರೆದ ‘ತೆರೆದಿದೆ’ ಇನ್ನೂ ಕರಗಿಲ್ಲ. ಈ ಬಾಗಿಲು ಮೆಲ್ಲಗೆ ಹಾಕಿದರೆ ಕೂರುವುದಿಲ್ಲ, ಅದು ರೂಲು. ಪುಸ್ತಕ ಜೇಬಿಗೆ, ಚಾಕ್‌ಪೀಸ್ ಕಿವಿಯ ಹಿಂದೆ. ಎರಡೂ ಕೈಯಲ್ಲಿ ಹಾಕುತ್ತೇನೆ, ಹಿಮವೆಲ್ಲ ಉದುರಿ ಬೀಳಲಿ, ಆಚೆ ಗಲ್ಲಿಯವರೆಗೂ ಕೇಳಿಸಲಿ. ಧಡಾರ್.